ಮೊಟ್ಟೆಯು ಹೂವಾಗುವ ಬಗೆ

ಜನವರಿ ತಿಂಗಳಲ್ಲಿ ಬೀಜಿಂಗ್ ನಗರದ ಸರಾಸರಿ ಉಷ್ಣತೆಯು ನೀರು ಹೆಪ್ಪುಗಟ್ಟುವ ಮಟ್ಟಕ್ಕಿಂತಲೂ ಕೆಳಗಿಳಿಯುತ್ತದೆ. ಅಂತಹ ಚಳಿಯಲ್ಲಿ ಚೀನೀಯರು ಹತ್ತೇ ನಿಮಿಷಗಳಲ್ಲಿ ಸಿದ್ಧಪಡಿಸಿಕೊಳ್ಳುವ ಸಾರೊಂದುಂಟು. ಅದರ ಹೆಸರು ‘ಡಾನ್ ಹ್ವಾ ತಾಂಗ್’. ಎಂದರೆ ಮೊಟ್ಟೆಯ ಹೂವಿನ ಸಾರು. ಎರಡೇ ಮೊಟ್ಟೆಗಳಿಂದ ನಾಲ್ವರ ಬಟ್ಟಲು ತುಂಬುವ ಈ ಅಡಿಗೆಯು ನೋಡುವುದಕ್ಕೆ ಬಲು ಸುಲಭ. ಆದರೂ ಒಬ್ಬರ ಪಾತ್ರೆಯಲ್ಲಿ ರೇಷ್ಮೆಯಂತಹ ಎಸಳುಗಳು ತೇಲಿದರೆ, ಇನ್ನೊಬ್ಬರ ಪಾತ್ರೆಯಲ್ಲಿ ಕದಡಿದ ನೀರೂ ರಬ್ಬರಿನಂತಹ ಚೂರುಗಳೂ ಉಳಿಯುತ್ತವೆ. ಇದನ್ನು ಕೈಗುಣವೆಂದು ಹೇಳಿ ಸುಮ್ಮನಾಗುವುದು ವಿಜ್ಞಾನದ ವಿದ್ಯಾರ್ಥಿಗಳಿಗೆ ಒಪ್ಪುವ ಮಾತಲ್ಲ.

ಮೊಟ್ಟೆಯ ಬಿಳಿಯ ಭಾಗದಲ್ಲಿ ಹತ್ತರಲ್ಲಿ ಒಂಬತ್ತು ಪಾಲು ನೀರೇ. ಉಳಿದುದರಲ್ಲಿ ಬಹುಭಾಗ ಪ್ರೋಟೀನು. ಪ್ರೋಟೀನಿನ ಪ್ರತಿಯೊಂದು ಅಣುವೂ ಒಂದು ಉದ್ದನೆಯ ಸರಪಳಿ. ಅದು ನೂಲಿನ ಉಂಡೆಯಂತೆ ಸುತ್ತಿಕೊಂಡು ನೀರಿನಲ್ಲಿ ತೇಲಾಡುತ್ತಿರುತ್ತದೆ. ಶಾಖ ತಗುಲಿದೊಡನೆ ಉಂಡೆಯು ಬಿಚ್ಚಿಕೊಳ್ಳುತ್ತದೆ. ಬಿಚ್ಚಿದ ಎಳೆಗಳು ನೆರೆಯ ಎಳೆಗಳೊಡನೆ ತೊಡರಿ ಬಲೆಯಾಗುತ್ತವೆ. ನೀರು ಆ ಬಲೆಯೊಳಗೆ ಸಿಕ್ಕಿಬೀಳುತ್ತದೆ. ಮೊಟ್ಟೆ ಗಟ್ಟಿಯಾಯಿತೆಂದು ನಾವು ಹೇಳುವುದು ಇದನ್ನೇ.

ಅಣುವು ಒಡೆಯುವುದಿಲ್ಲ, ಬಿಚ್ಚಿಕೊಳ್ಳುತ್ತದೆ ಎಂಬ ಈ ವಿಚಾರವನ್ನು 1931ರಲ್ಲಿ ಸ್ಪಷ್ಟವಾಗಿ ಮುಂದಿಟ್ಟವರು ಚೀನಾ ದೇಶದವರೇ ಆದ ವೂ ಶಿಯೆನ್ ಎಂಬ ಜೀವರಸಾಯನ ವಿಜ್ಞಾನಿ. ಆಗ ಅವರು ಪೀಕಿಂಗಿನ ಯೂನಿಯನ್ ವೈದ್ಯಕೀಯ ಕಾಲೇಜಿನಲ್ಲಿದ್ದರು. ರಕ್ತದ ಸಕ್ಕರೆಯನ್ನು ಅಳೆಯುವ ಫೋಲಿನ್–ವೂ ವಿಧಾನದಲ್ಲಿ ಇರುವ ವೂ ಇವರೇ. ಅಮೆರಿಕೆಯ ಮಿರ್‌ಸ್ಕಿ ಮತ್ತು ಪಾಲಿಂಗರು ಇಂತಹುದೇ ವಿಚಾರವನ್ನು ಪ್ರಕಟಿಸಿದುದು 1936ರಲ್ಲಿ. ಚೀನಾದ ಪತ್ರಿಕೆಯೊಂದರಲ್ಲಿ ಬಂದ ಮೊದಲಿನ ಲೇಖನವು ಬಹುಕಾಲ ಹೊರಗಿನವರ ಗಮನಕ್ಕೆ ಬಾರದೆ ಉಳಿಯಿತು. ವೂ ಅವರಿಗೆ ಸಲ್ಲಬೇಕಾದ ಮನ್ನಣೆ ತಡವಾಗಿ ಸಂದಿತೆಂದೇ ನಮ್ಮ ಅಭಿಪ್ರಾಯ.

ಇನ್ನು ಒಲೆಯ ಬಳಿಗೆ ಬರೋಣ. ಬಿಳಿಯ ಭಾಗದ ಪ್ರೋಟೀನುಗಳಲ್ಲಿ ಒಂದು ಜಾತಿಯದು ಸುಮಾರು 60 ಡಿಗ್ರಿ ಸೆಂಟಿಗ್ರೇಡಿನಲ್ಲಿಯೇ ಬಿಚ್ಚಿಕೊಳ್ಳತೊಡಗುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿರುವ ಓವಾಲ್ಬುಮಿನ್ನಿಗೆ ಸುಮಾರು 80 ಡಿಗ್ರಿ ಬೇಕು. ಹಳದಿಯ ಭಾಗವು 65ರಿಂದ 70 ಡಿಗ್ರಿಯೊಳಗೆ ಗಟ್ಟಿಯಾಗುತ್ತದೆ. ಆದುದರಿಂದ ಸಾರು ಸಾಕಷ್ಟು ಕಾಯುವ ಮೊದಲೇ ಮೊಟ್ಟೆಯನ್ನು ಸುರಿದರೆ, ಅದು ಹೆಪ್ಪುಗಟ್ಟುವುದಕ್ಕೆ ಮುನ್ನವೇ ನೀರಿನಲ್ಲೆಲ್ಲ ಹರಡಿ ಸಾರನ್ನು ಕದಡುತ್ತದೆ. ಕೊತಕೊತನೆ ಕುದಿಯುತ್ತಿರುವಾಗ ಸುರಿದರೆ ಎಸಳುಗಳು ಹುಟ್ಟುತ್ತಲೇ ಹರಿದು ಚೂರಾಗುತ್ತವೆ. ನಮಗೆ ಬೇಕಾದುದು ಕುದಿಯುವುದಕ್ಕೆ ಸಮೀಪದ ಶಾಖ, ಆದರೆ ಕುದಿತದ ಅಬ್ಬರವಲ್ಲ.

ಇಲ್ಲಿ ಪಿಷ್ಟವು ನೆರವಿಗೆ ಬರುತ್ತದೆ. ಅಂಗಡಿಗಳಲ್ಲಿ ಕಾರ್ನ್‌ಫ್ಲೋರ್ ಎಂದು ದೊರೆಯುವ ಮುಸುಕಿನ ಜೋಳದ ಪಿಷ್ಟದ ಕಣಗಳು ತಣ್ಣೀರಿನಲ್ಲಿ ಕರಗುವುದಿಲ್ಲ. ಬಿಸಿಯಾದಾಗ ಮಾತ್ರ ನೀರು ಕುಡಿದು ಉಬ್ಬಿ ಸಾರನ್ನು ಮಂದಗೊಳಿಸುತ್ತವೆ. ಒಣಹಿಟ್ಟನ್ನು ನೇರವಾಗಿ ಬಿಸಿನೀರಿಗೆ ಹಾಕಿದರೆ ಹೊರಗಿನ ಕಣಗಳು ಅಂಟಾಗಿ ಒಳಗಿನವುಗಳಿಗೆ ನೀರು ತಲಪದಂತೆ ತಡೆಯುತ್ತವೆ. ಗಂಟು ಕಟ್ಟುವುದು ಹೀಗೆ. ಅಂಬಲಿ ಕಾಸುವವರು ರಾಗಿಹಿಟ್ಟನ್ನು ಮೊದಲು ತಣ್ಣೀರಿನಲ್ಲಿ ಕದಡಿಕೊಳ್ಳುವುದೂ ಇದಕ್ಕಾಗಿಯೇ. ಮಂದವಾದ ಸಾರಿನಲ್ಲಿ ಮೊಟ್ಟೆಯ ಎಳೆಯು ಬೇಗ ಮುಳುಗುವುದೂ ಇಲ್ಲ, ಚದರುವುದೂ ಇಲ್ಲ.

ನಾಲ್ವರಿಗೆ ಒಂದು ಲೀಟರ್ ಕೋಳಿಯ ಎಲುಬಿನ ಕಟ್ಟು ಸಾಕು. ಅದಿಲ್ಲವಾದರೆ ತರಕಾರಿ ಬೇಯಿಸಿ ಬಸಿದ ನೀರೂ ಆದೀತು. ಅದಕ್ಕೆ ಉಪ್ಪನ್ನೂ ಜಜ್ಜಿದ ಶುಂಠಿಯನ್ನೂ ಹಾಕಿ ಕುದಿಸಬೇಕು. ಎರಡು ದೊಡ್ಡ ಚಮಚ ಪಿಷ್ಟವನ್ನು ತಣ್ಣೀರಿನಲ್ಲಿ ಕದಡಿ ಸುರಿದು, ಕೈಬಿಡದೆ ತಿರುವುತ್ತ ಒಂದು ನಿಮಿಷ ಕುದಿಸಿ, ಉರಿಯನ್ನು ತಗ್ಗಿಸಬೇಕು. ಸಾರಿನ ಮೇಲ್ಮೈಯು ಶಾಂತವಾದೊಡನೆ, ನೊರೆಬಾರದಂತೆ ಕಲಕಿದ ಎರಡು ಮೊಟ್ಟೆಗಳನ್ನು ತುಸು ಎತ್ತರದಿಂದ ಸಣ್ಣ ಧಾರೆಯಾಗಿ ಸುತ್ತಲೂ ಬಿಡಬೇಕು. ಹದಿನೈದು ಸೆಕೆಂಡುಗಳವರೆಗೆ ಮುಟ್ಟಲಾಗದು. ಈ ತಾಳ್ಮೆಯಲ್ಲಿಯೇ ಅನೇಕರು ಸೋಲುತ್ತಾರೆ! ಅನಂತರ ಒಂದೇ ದಿಕ್ಕಿನಲ್ಲಿ ಮೆಲ್ಲನೆ ಎರಡು ಸುತ್ತು ತಿರುವಿ ಇಳಿಸಿ, ಹೆಚ್ಚಿದ ಈರುಳ್ಳಿ ಸೊಪ್ಪನ್ನೂ ಹುರಿದ ಎಳ್ಳಿನ ಎಣ್ಣೆಯ ನಾಲ್ಕು ಹನಿಗಳನ್ನೂ ಬಿಳಿಯ ಮೆಣಸಿನ ಪುಡಿಯನ್ನೂ ಹಾಕುವುದು.

ಈ ಬಿಳಿಯ ಮೆಣಸು ಬೇರೆ ಗಿಡದ್ದಲ್ಲ. ನಮ್ಮ ಪಶ್ಚಿಮ ಘಟ್ಟಗಳ ಕರಿಮೆಣಸಿನ ಹಣ್ಣಿನ ಸಿಪ್ಪೆಯನ್ನು ಕೊಳೆಯಿಸಿ ತೆಗೆದರೆ ಉಳಿಯುವ ಬೀಜವೇ ಅದು. ಚೀನೀ ಭಾಷೆಯಲ್ಲಿ ಮೆಣಸಿನ ಹೆಸರಾದ ‘ಹು ಜ್ಯಾವೊ’ ಎಂಬುದರಲ್ಲಿಯೇ ಅದು ಪರದೇಶದಿಂದ ಬಂದ ಪದಾರ್ಥವೆಂಬ ಸೂಚನೆಯುಂಟು. ಅದರಲ್ಲಿರುವ ಪೈಪರೀನ್, ನಾಲಗೆಯ ನರಗಳಲ್ಲಿ ಬಿಸಿಯನ್ನು ಗುರುತಿಸುವ ಗ್ರಾಹಕವನ್ನೇ ಕೆರಳಿಸುತ್ತದೆ. 1997ರಲ್ಲಿ ಈ ಗ್ರಾಹಕವನ್ನು ಪತ್ತೆಮಾಡಿದ ತಂಡದ ನಾಯಕ ಡೇವಿಡ್ ಜೂಲಿಯಸರಿಗೆ 2021ರ ನೊಬೆಲ್ ಪಾರಿತೋಷಕದಲ್ಲಿ ಪಾಲು ದೊರೆಯಿತು. ಹೀಗೆ ಸಾರು ಇರುವುದಕ್ಕಿಂತ ಹೆಚ್ಚು ಬಿಸಿಯಾಗಿ ತೋರುತ್ತದೆ. ನಿಜವಾದ ಬಿಸಿಯೂ ಬೇಗ ಆರದು. ಮೇಲೆ ತಣಿದ ಪದರ ಕೆಳಗಿಳಿದು ಬಿಸಿಯ ಪದರ ಮೇಲೇರುವ ಉಷ್ಣ ಸಂವಹನವು ಮಂದವಾದ ದ್ರವದಲ್ಲಿ ನಿಧಾನ.

ಉಣ್ಣುತ್ತ ಉಣ್ಣುತ್ತ ಬಟ್ಟಲಿನ ತಳದ ಸಾರು ತೆಳುವಾಗುವುದನ್ನು ಓದುಗರು ಗಮನಿಸಬಹುದು. ಚಮಚದಿಂದ ಹಿಂದಿರುಗಿದ ಜೊಲ್ಲಿನಲ್ಲಿರುವ ಅಮೈಲೇಸ್ ಎಂಬ ಕಿಣ್ವವು ಅಷ್ಟರಲ್ಲಿಯೇ ಪಿಷ್ಟವನ್ನು ಕತ್ತರಿಸಲು ತೊಡಗಿರುತ್ತದೆ.