ಬೇಸ್ ಜರುಗಿದರೆ ಊರೇ ಜರುಗುತ್ತದೆ

ಕೊಯಮತ್ತೂರಿನಿಂದ ಅವಿನಾಶಿ ಕಡೆ ಹೊರಟರೆ ಹೆದ್ದಾರಿಯಲ್ಲೇ ಸಿಗುವ ಊರು ಕರುಮತ್ತಂಪಟ್ಟಿ. ಪಕ್ಕದಲ್ಲೇ ಸೋಮನೂರು. ಎರಡು ಕಡೆಯೂ ಪವರ್‌ಲೂಮ್‌ಗಳ ಸದ್ದು. ಮನೆಯೊಳಗೆ ಕನ್ನಡ ಮಾತಾಡುವ ದೇವಾಂಗ ನೇಕಾರರು ಈ ಸೀಮೆಯಲ್ಲಿ ತಲೆತಲಾಂತರದಿಂದ ಇದ್ದಾರೆ. ಇಲ್ಲಿ ಜಾಗದ ಲೆಕ್ಕ ಸೆಂಟಿನಲ್ಲಿ. ಒಂದು ಸೆಂಟು ಎಂದರೆ ಸುಮಾರು 40 ಚದರ ಮೀಟರ್. 30 ಮೀಟರ್ ಉದ್ದದ ಬೇಲಿಯನ್ನು ಒಂದೂಕಾಲು ಮೀಟರಿಗಿಂತ ಚೂರು ಹೆಚ್ಚು ಸರಿಸಿದರೆ ಒಂದು ಸೆಂಟು ಅತ್ತಿಂದಿತ್ತ ಆಗಿಹೋಗುತ್ತದೆ. ಕೈಯಲ್ಲಿರುವ ಮೊಬೈಲ್ ತೋರಿಸುವ ಸ್ಥಾನ ಹಲವು ಮೀಟರ್ ಆಚೀಚೆ ಇರಬಹುದು. ಹದ್ದುಬಸ್ತಿಗೆ ಅದನ್ನು ನಂಬುವ ಹಾಗಿಲ್ಲ.

ಸರ್ವೆಯರ್ ತರುವ ಉಪಗ್ರಹ ಯಂತ್ರ ಸೆಂಟಿಮೀಟರ್ ಲೆಕ್ಕದಲ್ಲಿ ಉತ್ತರ ಕೊಡುತ್ತದೆ. ಜಿಪಿಎಸ್ ಉಪಗ್ರಹ ಇರುವುದು 20,200 ಕಿಲೋಮೀಟರ್ ಮೇಲೆ. ಅದು ಕಳಿಸುವ ಮುಖ್ಯ ಅಲೆಯ ಉದ್ದ ಸುಮಾರು 19 ಸೆಂಟಿಮೀಟರ್. ಅಲೆ ಬಂದು ಮುಟ್ಟಿದಾಗ ಅದರ ಎಷ್ಟನೇ ಭಾಗ ಸಾಗಿತ್ತು ಎಂಬುದನ್ನು ಯಂತ್ರ ಮಿಲಿಮೀಟರ್ ಮಟ್ಟದಲ್ಲಿ ಹಿಡಿಯುತ್ತದೆ. ಆದರೆ ನಡುವೆ ಎಷ್ಟು ಇಡೀ ಅಲೆಗಳು ಇವೆ ಎಂಬುದು ಅದಕ್ಕೆ ಗೊತ್ತಿರುವುದಿಲ್ಲ. ಹಲವು ಉಪಗ್ರಹಗಳ ಲೆಕ್ಕ ಕೂಡಿಸಿ ಆ ಸಂಖ್ಯೆಯನ್ನು ಗಟ್ಟಿ ಮಾಡಿಕೊಂಡಾಗ ಪರದೆಯ ಮೇಲೆ ‘ಫಿಕ್ಸ್’ ಎಂದು ಬರುತ್ತದೆ. ಅಲ್ಲಿಯವರೆಗೆ ಅದು ‘ಫ್ಲೋಟ್’.

ಈ ಲೆಕ್ಕಕ್ಕೆ ಎರಡು ಯಂತ್ರ ಬೇಕು. ಒಂದು ಬೇಸ್, ಟ್ರೈಪಾಡ್ ಮೇಲೆ ಅಲುಗದೆ ನಿಲ್ಲುವಂಥದ್ದು. ಇನ್ನೊಂದು ರೋವರ್, ಕೋಲಿನ ತುದಿಯಲ್ಲಿ ಗದ್ದೆ ಸುತ್ತುವಂಥದ್ದು. ತನ್ನ ಜಾಗ ಇದು ಎಂದು ಬೇಸ್‌ಗೆ ಮೊದಲೇ ತಿಳಿದಿರುತ್ತದೆ. ಉಪಗ್ರಹಗಳಿಂದ ತನಗೆ ಬಂದ ಅಳತೆಯನ್ನೂ ಆ ಜಾಗದ ವಿವರವನ್ನೂ ರೇಡಿಯೋ ಅಥವಾ ಮೊಬೈಲ್ ಮೂಲಕ ರೋವರ್‌ಗೆ ಕಳಿಸುತ್ತದೆ.

ಎಡವಟ್ಟು ಆಗುವುದು ಇಲ್ಲೇ. ಗೊತ್ತಿರುವ ಕಲ್ಲಿನ ಮೇಲೆ ಬೇಸ್ ಇಡುವ ಬದಲು, ಅನುಕೂಲವಾದ ಕಡೆ ಟ್ರೈಪಾಡ್ ಊರಿ, ಯಂತ್ರ ಆ ಕ್ಷಣಕ್ಕೆ ಊಹಿಸಿದ ಸ್ಥಾನವನ್ನೇ ಒಪ್ಪಿಕೊಳ್ಳುವುದುಂಟು. ಆ ಊಹೆ ಎರಡು ಮೀಟರ್ ತಪ್ಪಿದ್ದರೆ ರೋವರ್ ಅಳೆದ ಪ್ರತಿಯೊಂದು ಬಿಂದುವೂ ಅದೇ ದಿಕ್ಕಿಗೆ ಎರಡು ಮೀಟರ್ ಜರುಗುತ್ತದೆ. ಹೊಲದ ಉದ್ದ ಸರಿ, ಅಗಲ ಸರಿ, ವಿಸ್ತೀರ್ಣವೂ ಸರಿ. ಪರದೆ ‘ಫಿಕ್ಸ್, 1 ಸೆಂಟಿಮೀಟರ್’ ಎನ್ನುತ್ತಲೇ ಇರುತ್ತದೆ. ಹೊಲ ಮಾತ್ರ ಪಕ್ಕದವರ ಜಾಗದಲ್ಲಿ ಕೂತಿರುತ್ತದೆ. ಯಂತ್ರ ಹೇಳುವ ನಿಖರತೆ ಬೇಸ್‌ನಿಂದ ರೋವರ್‌ಗೆ ಇರುವ ಅಂತರದ್ದು. ಬೇಸ್ ಎಲ್ಲಿದೆ ಎಂಬುದರ ಜವಾಬ್ದಾರಿ ಮನುಷ್ಯರದು. ಆದ್ದರಿಂದ ಕೆಲಸ ಶುರು ಮಾಡುವ ಮೊದಲು ಸ್ಥಾನ ತಿಳಿದಿರುವ ಇನ್ನೊಂದು ಗುರುತಿನ ಮೇಲೆ ರೋವರ್ ಇಟ್ಟು ತಾಳೆ ನೋಡುವುದೇ ಇಡೀ ದಿನದ ಅತಿ ಮುಖ್ಯ ಅಳತೆ ಎಂದು ನಾನು ಹೇಳುತ್ತೇನೆ.

ಈ ನೆಲಕ್ಕೆ ಇಂಥ ಎಚ್ಚರ ಹೊಸದಲ್ಲ. ಬ್ರಿಟಿಷ್ ಸರ್ವೆಯರ್ ವಿಲಿಯಂ ಲ್ಯಾಂಬ್ಟನ್ 1800ರಲ್ಲಿ ಬೆಂಗಳೂರಿನ ಬಳಿ ಅಡಿರೇಖೆ ಅಳೆದು, 1802ರಲ್ಲಿ ಮದ್ರಾಸಿನಿಂದ ತನ್ನ ಮಹಾ ತ್ರಿಕೋನ ಸರ್ವೆ ಆರಂಭಿಸಿದ. ಬೇಸ್ ಎಂಬ ಮಾತು ಆಗ ಈ ಅಡಿರೇಖೆಗೆ ಸಲ್ಲುತ್ತಿತ್ತು. ಬಿಸಿಲಿಗೆ ಉಕ್ಕಿನ ಸರಪಳಿ ಹಿಗ್ಗುತ್ತದೆಂದು ಅದರ ಪಕ್ಕದಲ್ಲೇ ಥರ್ಮಾಮೀಟರ್ ಇಟ್ಟು ಲೆಕ್ಕ ತಿದ್ದುತ್ತಿದ್ದರು. ಕೊಯಮತ್ತೂರು ಸೀಮೆಯ ಪಚ್ಚಪಾಳಯಂ ಅವನ ಮುಖ್ಯ ಠಾಣೆಗಳಲ್ಲಿ ಒಂದು. ನಕ್ಷತ್ರ ನೋಡಿ ಅದರ ಅಕ್ಷಾಂಶವನ್ನೂ ಬೆಂಗಳೂರಿನ ದೊಡ್ಡಗುಂಟದ್ದನ್ನೂ ಅವನು ದಾಖಲಿಸಿದ. 1808ರಲ್ಲಿ ತಂಜಾವೂರಿನ ಗೋಪುರಕ್ಕೆ ಏರಿಸುವಾಗ ಹಗ್ಗ ತುಂಡಾಗಿ ಕೋನ ಅಳೆಯುವ ಅವನ ಅರ್ಧ ಟನ್ ತೂಕದ ಥಿಯೋಡೊಲೈಟ್ ಗೋಡೆಗೆ ಬಡಿಯಿತು. ಸೊಟ್ಟಗಾದ ಅದರ ಅಳತೆಯ ವೃತ್ತವನ್ನು ವಾರಗಟ್ಟಲೆ ಕೂತು ತಾನೇ ತಿದ್ದಿಕೊಂಡ.

ಇಂದಿನ ಉಪಕರಣದಲ್ಲಿ ತಿದ್ದಬೇಕಾದ್ದು ಕೈಗೆ ನಿಲುಕುವಂಥದ್ದೇ. ರೋವರ್ ಕೋಲಿನ ನೀರ್ಗುಳ್ಳೆಯನ್ನು ನಡುವಿಗೆ ತಂದು, ಕೋಲನ್ನು ಅರ್ಧ ಸುತ್ತು ತಿರುಗಿಸಿ. ಗುಳ್ಳೆ ನಡುವಿನಲ್ಲೇ ಉಳಿದರೆ ಸರಿ. ಪಕ್ಕಕ್ಕೆ ಓಡಿದರೆ ಗುಳ್ಳೆಯೇ ಸುಳ್ಳು ಹೇಳುತ್ತಿದೆ, ಅದರ ಸ್ಕ್ರೂ ತಿರುಗಿಸಿ ಸರಿಮಾಡಬೇಕು. 2 ಮೀಟರ್ ಕೋಲು ಒಂದೇ ಡಿಗ್ರಿ ವಾಲಿದರೂ ತುದಿ ಮೂರೂವರೆ ಸೆಂಟಿಮೀಟರ್ ಸರಿಯುತ್ತದೆ. ಬೇಸ್‌ನ ಆಂಟೆನಾ ಎತ್ತರವನ್ನು ಟೇಪಿನಲ್ಲಿ ಓರೆಯಾಗಿ ಅಳೆದು, ಯಂತ್ರದಲ್ಲಿ ನೇರ ಎತ್ತರ ಎಂದು ನಮೂದಿಸುವುದು ಮತ್ತೊಂದು ಹಳೇ ತಪ್ಪು.

ಜಾಗವೂ ನೋಡಬೇಕು. ಪವರ್‌ಲೂಮ್ ಶೆಡ್ಡಿನ ತಗಡಿನ ಮಾಡಿಗೆ ಬಡಿದು ಬಂದ ಅಲೆ ಬಳಸುದಾರಿ ಹಿಡಿದಿರುತ್ತದೆ. ಯಂತ್ರ ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ತೆಂಗಿನ ತೋಟದೊಳಗೆ ಆಕಾಶವೇ ಕಾಣದು. ಮೇಲಾಗಿ ಭೂಮಿಯ ಕಾಂತೀಯ ಸಮಭಾಜಕ ಹಾದುಹೋಗುವುದು ತಮಿಳುನಾಡಿನ ದಕ್ಷಿಣ ತುದಿಯ ಬಳಿ. ಹಾಗಾಗಿ ಉಪಗ್ರಹದ ಅಲೆ ಹಾದುಬರಬೇಕಾದ ಅಯಾನುಗೋಳ, ಅಂದರೆ ಮೇಲಿನ ವಾತಾವರಣದ ವಿದ್ಯುತ್ ಕಣಗಳ ಪದರ, ಇಲ್ಲಿ ಮಧ್ಯಾಹ್ನಕ್ಕೆ ದಟ್ಟ, ಸೂರ್ಯ ಮುಳುಗಿದ ಮೇಲೆ ಒಮ್ಮೊಮ್ಮೆ ಅಲ್ಲೋಲಕಲ್ಲೋಲ. ಬೇಸ್ ದೂರವಿದ್ದಷ್ಟೂ ಇದರ ಕಾಟ ಜಾಸ್ತಿ. ಸರ್ವೆ ಆಫ್ ಇಂಡಿಯಾ ಕರ್ನಾಟಕವೂ ಸೇರಿ ಹಲವು ರಾಜ್ಯಗಳಲ್ಲಿ ಹಾಕಿರುವ ‘ಕಾರ್ಸ್’ ಎಂಬ ಕಾಯಂ ಬೇಸ್‌ಗಳ ಜಾಲ ಸುತ್ತಲ ಠಾಣೆಗಳ ಮಾಹಿತಿ ಕೂಡಿಸಿ ಈ ಕಾಟವನ್ನು ತಗ್ಗಿಸುತ್ತದೆ.

ಎತ್ತರದ್ದು ಬೇರೆಯೇ ಕತೆ. ಸಮುದ್ರಮಟ್ಟದಿಂದ ಸುಮಾರು 400 ಮೀಟರ್ ಎತ್ತರದ ಕೊಯಮತ್ತೂರಿನಲ್ಲಿ ಉಪಗ್ರಹ ಯಂತ್ರ ಎತ್ತರವನ್ನು 80 ಮೀಟರಿಗೂ ಮಿಕ್ಕಿ ತಗ್ಗಿಸಿ ತೋರಿಸುತ್ತದೆ. ಗುರುತ್ವದ ಏರುಪೇರಿನಿಂದ ಇಲ್ಲಿನ ಸಮುದ್ರಮಟ್ಟವೇ ಗಣಿತದ ದೀರ್ಘಗೋಳಕ್ಕಿಂತ ಅಷ್ಟು ಕೆಳಗಿದೆ. ಕಾಲುವೆ ತೋಡುವವರು ಈ ತಿದ್ದುಪಡಿ ಬಿಡುವಂತಿಲ್ಲ.

ಎಲ್ಲ ಸರಿಮಾಡಿದ ಮೇಲೂ ಟೇಪು ಮತ್ತು ಯಂತ್ರ ಜಗಳಾಡುವುದುಂಟು. ಗುಂಡಗಿನ ಭೂಮಿಯನ್ನು ಚಪ್ಪಟೆ ನಕ್ಷೆಗೆ ಇಳಿಸುವ ಯುಟಿಎಂ ಜಾಲದಲ್ಲಿ ಕರುಮತ್ತಂಪಟ್ಟಿ 43ನೇ ವಲಯದಲ್ಲಿದೆ. ವಲಯದ ನಡುಗೆರೆಯಾದ 75 ಡಿಗ್ರಿ ರೇಖಾಂಶದಿಂದ ಸುಮಾರು 240 ಕಿಲೋಮೀಟರ್ ಪೂರ್ವಕ್ಕೆ. ಅಲ್ಲಿ ಹಿಗ್ಗುವ ನಕ್ಷೆಯಿಂದಾಗಿ ನೆಲದ ಮೇಲಿನ ಒಂದು ಕಿಲೋಮೀಟರ್ ಯುಟಿಎಂನಲ್ಲಿ ಸುಮಾರು 25 ಸೆಂಟಿಮೀಟರ್ ಉದ್ದ ಕಾಣುತ್ತದೆ. ಹಳೆಯ ನಕ್ಷೆಗಳನ್ನು ಚೈನು ಎಳೆದು ನೆಲದ ಮೇಲೆಯೇ ಅಳೆದದ್ದು. ಹಾಗಾಗಿ ಸರ್ವೆಯರ್ ಊರಿನ ಸುತ್ತ ಜಾಗದಲ್ಲೇ ಉಳಿದಿರುವ ನಾಲ್ಕೈದು ಹಳೇ ಬಾಂದುಕಲ್ಲುಗಳನ್ನು ಅಳೆದು, ಎರಡು ಲೆಕ್ಕಗಳನ್ನು ಹೊಂದಿಸುತ್ತಾರೆ. ಒಂದು ಕಲ್ಲು ಮಾತ್ರ ಉಳಿದವುಗಳಿಗೆ ಹೊಂದದಿದ್ದರೆ ಅದನ್ನು ಯಾರೋ ಕಿತ್ತು ನೆಟ್ಟಿರಬೇಕು. ಅದನ್ನು ಹೊಂದಾಣಿಕೆಗೆ ಸೇರಿಸಬಾರದು. ಹೊಂದಿಸಿದ ಮೇಲೆ ಪ್ರತಿ ಕಲ್ಲಿಗೂ ಉಳಿದ ವ್ಯತ್ಯಾಸ ಎಷ್ಟು ಎಂಬುದು ಯಂತ್ರದ ವರದಿಯಲ್ಲೇ ಇರುತ್ತದೆ. ಜಮೀನಿನ ಯಜಮಾನರು ಸಹಿ ಹಾಕುವ ಮುನ್ನ ಕೇಳಿ ನೋಡಬೇಕಾದ ಹಾಳೆ ಅದು.