6ಜಿ: ವೆಲ್ಡರ್ ಕೈಗೊಂದು ಪರೀಕ್ಷೆ

ಗೇಟು, ಗ್ರಿಲ್ ಮಾಡುವ ವೆಲ್ಡರ್‌ಗಳು ಬೆಂಗಳೂರಿನ ಪೀಣ್ಯದಿಂದ ಹಿಡಿದು ಪ್ರತಿ ಊರಲ್ಲೂ ಸಿಗುತ್ತಾರೆ. ಹಬೆಯ ಒತ್ತಡ ತಡೆಯುವ ಬಾಯ್ಲರ್ ಪೈಪ್ ಬೆಸೆಯಬಲ್ಲವರು ಕಡಿಮೆ.

ಅವರಿಗಿರುವ ಪರೀಕ್ಷೆಯ ಹೆಸರು 6ಜಿ. ಪೈಪನ್ನು 45 ಡಿಗ್ರಿ ಓರೆಯಾಗಿ ಬಿಗಿದಿರುತ್ತಾರೆ, ಹೊರಳಿಸುವಂತಿಲ್ಲ. ವೆಲ್ಡರ್ ತಳದಿಂದ ಶುರುಮಾಡಿ, ಕರಗಿದ ಲೋಹ ಕೆಳಗೆ ತೊಟ್ಟಿಕ್ಕದಂತೆ ಹಿಡಿದು, ಪಕ್ಕದಿಂದ ಏರಿ, ನೆತ್ತಿ ಮುಟ್ಟಬೇಕು. ದಾರಿಯುದ್ದಕ್ಕೂ ರಾಡಿನ ಕೋನ ಬದಲಾಗುತ್ತಲೇ ಇರಬೇಕು. ಆಮೇಲೆ ಬೆಸುಗೆಯಿಂದ ಪಟ್ಟಿ ಕತ್ತರಿಸಿ ಬಗ್ಗಿಸುತ್ತಾರೆ. ಅಮೆರಿಕದ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಘವಾದ ಎಎಸ್‌ಎಂಇ ನಿಯಮದ ಪ್ರಕಾರ ಸಾಮಾನ್ಯವಾಗಿ 3 ಮಿಲಿಮೀಟರ್ ಮೀರಿದ ಬಿರುಕು ಬಾಯಿಬಿಟ್ಟರೆ ಫೇಲ್!

ಇನ್ನು ರಾಡಿನ ವಿಚಾರ. ಇ-7018 ಎಂಬ ರಾಡಿನಲ್ಲಿ 70 ಅಂದರೆ ಚದರ ಇಂಚಿಗೆ 70,000 ಪೌಂಡ್ ಎಳೆತ ತಾಳುವ ಬಲ. ಆದರೆ ಅದರ ಮೇಲಿನ ಲೇಪ ಗಾಳಿಯ ತೇವ ಹೀರುತ್ತದೆ. ಆ ತೇವದಿಂದ ಹೈಡ್ರೋಜನ್ ಬೆಸುಗೆಯೊಳಗೆ ಸೇರಿದರೆ, ಗಟ್ಟಿ ಉಕ್ಕಿನಲ್ಲಿ ಹೊರಗೆ ನುಣ್ಣಗೆ ಕಾಣುವ ಜೋಡಣೆ ಎಷ್ಟೋ ಗಂಟೆಗಳ ನಂತರ ಒಳಗಿನಿಂದ ಸೀಳಬಹುದು. ಅದಕ್ಕೇ ಪಳಗಿದ ವೆಲ್ಡರ್ ರಾಡುಗಳನ್ನು ಬಿಸಿ ಓವನ್‌ನಲ್ಲಿಟ್ಟು, ಬೇಕಾದಷ್ಟನ್ನೇ ಹೊರತೆಗೆಯುತ್ತಾರೆ.

ಐಟಿಐ ವೆಲ್ಡರ್ ಕೋರ್ಸ್ 1 ವರ್ಷದ್ದು. 6ಜಿ ಕೈಗೆ ಹತ್ತಲು ಅದರಾಚೆಗೂ ಅಭ್ಯಾಸ ಬೇಕು.

ಕಣ್ಣಿನ ಮಾತು ಬಿಡುವಂತಿಲ್ಲ. ಎಷ್ಟೋ ಶೆಡ್‌ಗಳಲ್ಲಿ ಹುಡುಗರು ಬರೀ ಕೂಲಿಂಗ್ ಗ್ಲಾಸ್ ಹಾಕಿಕೊಂಡು ಬೆಸೆಯುತ್ತಾರೆ. ಆರ್ಕ್‌ನ ಅತಿನೇರಳೆ ಕಿರಣ ಸುಟ್ಟದ್ದು ಆಗ ಗೊತ್ತಾಗುವುದಿಲ್ಲ; ರಾತ್ರಿ ಕಣ್ಣಿಗೆ ಮರಳು ಬಿದ್ದಂತೆ ಉರಿ, ನೀರು. ರಾಡ್ ವೆಲ್ಡಿಂಗ್‌ಗೆ ಸಾಮಾನ್ಯವಾಗಿ ಬೇಕಾದದ್ದು 10ನೇ ಶೇಡಿನ ಕಪ್ಪು ಗಾಜಿರುವ ಹೆಲ್ಮೆಟ್. ಮಾಲೀಕರು ಅದನ್ನು ಮೊದಲ ದಿನವೇ ಕೊಡಬೇಕು.