ಆಟದ ಗೋಪುರವೂ ಆಕಾಶದ ಮೇರೆಯೂ

ವಿನೋದವನಗಳಲ್ಲಿ ಮುಗಿಲಿಗೆ ಏಣಿಯಿಟ್ಟಂತೆ ನಿಂತ ರೋಲರ್ ಕೋಸ್ಟರುಗಳನ್ನೂ ತಿರುಗುತೊಟ್ಟಿಲುಗಳನ್ನೂ ನಾವು ಬೆರಗಿನಿಂದ ನೋಡುತ್ತೇವೆ. ಅಮೆರಿಕದ ನ್ಯೂ ಜೆರ್ಸಿಯಲ್ಲಿ 2005ರಲ್ಲಿ ತೆರೆದ ‘ಕಿಂಗ್ಡಾ ಕಾ’ ಎಂಬ ರೋಲರ್ ಕೋಸ್ಟರು 139 ಮೀಟರ್ ಎತ್ತರವಿದ್ದಿತು. 2025ರಲ್ಲಿ ಅದನ್ನು ಕೆಡವಿದರು. ಅಂತಹ ಯಂತ್ರವೊಂದನ್ನು ನಮ್ಮ ಮುಂಬಯಿಯ ವಿಮಾನ ನಿಲ್ದಾಣದ ಮಗ್ಗುಲಲ್ಲಿ ನಿಲ್ಲಿಸಬಹುದೆ? ನಿಲ್ಲಿಸಲಾಗದು. ಅದೇಕೆಂಬುದನ್ನು ತುಸು ವಿಚಾರಿಸೋಣ.

ಇಳಿಯುವ ವಿಮಾನವು ಮೇಲಿನಿಂದ ನೆಟ್ಟಗೆ ಇಳಿಯದು. ಸುಮಾರು 3 ಡಿಗ್ರಿಯ ಓರೆಯಲ್ಲಿ ದೂರದಿಂದಲೇ ತಗ್ಗುತ್ತ ಬರುತ್ತದೆ. ಏರುವಾಗ ಒಂದು ಎಂಜಿನು ಕೆಟ್ಟರೆ ಬಹು ಮೆಲ್ಲನೆ ಏರುತ್ತದೆ. ಮಂಜು ಮಳೆಗಳಲ್ಲಿ ಚಾಲಕನಿಗೆ ಎದುರಿನ ವಸ್ತು ಕಾಣದೆ ಹೋಗಬಹುದು. ಆದುದರಿಂದ ವಿಮಾನದ ಹಾದಿಯ ಕೆಳಗೆ ತೆರವಾದ ಸ್ಥಳವಿರಬೇಕು. ಆ ಸ್ಥಳದ ತಳವನ್ನು ಕಣ್ಣಿಗೆ ಕಾಣದ ಒಂದು ಚಾವಣಿಯೆಂದು ಭಾವಿಸೋಣ. ಕಟ್ಟಡ, ಕಂಬ, ಕ್ರೇನು, ತೊಟ್ಟಿಲು ಎಲ್ಲವೂ ಅದರ ಕೆಳಗೇ ಇರತಕ್ಕದ್ದು.

ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ಲೆಕ್ಕದಂತೆ, ದೊಡ್ಡ ನಿಲ್ದಾಣದ ಸುತ್ತ 4 ಕಿಲೋಮೀಟರಿನವರೆಗೆ ಈ ಚಾವಣಿಯು 45 ಮೀಟರ್ ಎತ್ತರದಲ್ಲಿ ಸಮತಟ್ಟಾಗಿರುತ್ತದೆ. ಅಲ್ಲಿಂದಾಚೆ 20 ಮೀಟರಿಗೆ 1 ಮೀಟರಿನಂತೆ ಏರುತ್ತ ಹೋಗುತ್ತದೆ. ಆದಕಾರಣ ಕಿಂಗ್ಡಾ ಕಾದಷ್ಟು ಎತ್ತರದ ಯಂತ್ರವು ಕಡಿಮೆಯೆಂದರೂ ಸುಮಾರು 6 ಕಿಲೋಮೀಟರ್ ದೂರ ಸರಿಯಬೇಕು. ವಿಮಾನಗಳು ಇಳಿಯುವ ನೇರದಲ್ಲಾದರೋ ಬಿಗಿ ಇನ್ನೂ ಹೆಚ್ಚು. ರನ್‌ವೇಯ ತುದಿಯ ಬಳಿಯಿಂದ ಮೊದಲ 3 ಕಿಲೋಮೀಟರ್ ಚಾವಣಿಯು 50 ಮೀಟರಿಗೆ 1 ಮೀಟರ್ ಮಾತ್ರ ಏರುತ್ತದೆ. ಅಂದರೆ 1 ಕಿಲೋಮೀಟರ್ ದೂರದಲ್ಲಿ ಅದರ ಎತ್ತರ 20 ಮೀಟರ್, ಆರು ಅಂತಸ್ತಿನ ಮನೆಯಷ್ಟು. ಅಲ್ಲಿ ವಿಮಾನವು ಸುಮಾರು 70 ಮೀಟರ್ ಮೇಲೆ ಹಾರುತ್ತಿರುತ್ತದೆ. ನಡುವಣ 50 ಮೀಟರೇ ಪ್ರಯಾಣಿಕರ ರಕ್ಷೆ.

ಇನ್ನೊಂದು ಸೂಕ್ಷ್ಮವುಂಟು. ಈ ಎತ್ತರವನ್ನು ಯಂತ್ರದ ಬುಡದಿಂದ ಅಳೆಯುವುದಿಲ್ಲ, ನಿಲ್ದಾಣದ ನೆಲಮಟ್ಟದಿಂದ ಅಳೆಯುತ್ತಾರೆ. 45 ಮೀಟರಿನ ಮೇರೆಯಿರುವಲ್ಲಿ 30 ಮೀಟರ್ ಎತ್ತರದ ಗುಡ್ಡದ ಮೇಲೆ ತೊಟ್ಟಿಲನ್ನು ನಿಲ್ಲಿಸುವುದಾದರೆ ಅದಕ್ಕೆ ಉಳಿಯುವುದು 15 ಮೀಟರ್ ಮಾತ್ರ. ತುದಿಯ ದೀಪವೂ ಬಾವುಟದ ಕಂಬವೂ ಆ ಲೆಕ್ಕದೊಳಗೇ ಸೇರುತ್ತವೆ.

ನಮ್ಮ ದೇಶದಲ್ಲಿ ಈ ಬಗೆಗೆ 2015ರಲ್ಲಿ ಕೇಂದ್ರ ಸರ್ಕಾರವು ನಿಯಮಗಳನ್ನು ಹೊರಡಿಸಿತು. ಕಟ್ಟಿದ ಮೇಲೆ ಕೆಡವುವುದಕ್ಕಿಂತ ಕಟ್ಟುವ ಮೊದಲೇ ಒಪ್ಪಿಗೆ ಕೇಳುವುದು ಲೇಸಲ್ಲವೆ?

ವಿದ್ಯಾರ್ಥಿಗಳೇ, ಅಂಕಗಣಿತದ ಓರೆ, ದೂರ, ಎತ್ತರಗಳು ಪರೀಕ್ಷೆಗಾಗಿ ಮಾತ್ರ ಇರುವುವಲ್ಲ. ನಮ್ಮ ಮನೆಗಳ ಮೇಲೆ ತಗ್ಗಿ ಹಾರುವ ವಿಮಾನದಲ್ಲಿ ಕುಳಿತ ನೂರಾರು ಜನರನ್ನು ಕಾಯುತ್ತಿರುವುದು ಆ ಲೆಕ್ಕವೇ.